ಕೈ ಕಾಣದ ರುಖವತ

ನನ್ನ ಅಡುಗೆಮನೆಯ ಕಿಟಕಿಯನ್ನೇ ಎರವಲು ಕೇಳಿಕೊಂಡು ಬಂದವಳೆಂದರೆ ಪ್ರಾಚಿ ಒಬ್ಬಳೇ. ಸಕ್ಕರೆ ಕೇಳುತ್ತಾರೆ, ಹೆಪ್ಪಿಗೆಂದು ಮೊಸರು ಕೇಳುತ್ತಾರೆ. ಟಿಳಕವಾಡಿಯ ನಮ್ಮ ಗಲ್ಲಿಯ ಒಬ್ಬ ಮಹಾತಾಯಿ ನನ್ನ ಇಡ್ಲಿ ಪಾತ್ರೆ ಒಯ್ದವಳು ಅದು ತನ್ನ ತವರಿನದೇ ಎಂಬಂತೆ ಇಟ್ಟುಕೊಂಡು ಕೂತಿದ್ದಾಳೆ. ಆದರೆ ಕಿಟಕಿ?

"ಕಾಕು, ಮುಂಜಾನಿ ಸ್ವಲ್ಪೊತ್ತು ನಿಮ್ಮ ಖಿಡಕಿ ಕೊಡ್ತೀರೇನ್ರಿ?" ಎಂದಳು ಬಾಗಿಲಲ್ಲಿ ನಿಂತು.

"ಕಿತ್ಗೊಂಡು ಹೋಗ್ತೀಯೇನು?" ಎಂದೆ ನಾನು.

"ಇಲ್ರೀ, ಇಲ್ಲೇ ಇರ್ಲಿ. ಅದರ ಮುಂದ ಒಂದು ಬರಣಿ ಇಟ್ಟು ಫೋಟೋ ತಗೀತೀನಿ. ನಮ್ಮ ಮನಿಗೆ ಮುಂಜಾನಿ ಬೆಳಕ ಬರೂದಿಲ್ಲ, ನಿಮ್ಮ ಖಿಡಕ್ಯಾಗ ಭಾಳ ಚಲೋ ಬರತೈತ್ರಿ."

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮವರು, ದುಂಡಪ್ಪನವರು, ಕಂಡವರಿಗೆಲ್ಲ ಹೇಳುತ್ತಾರೆ. ಅಲ್ಲಿ ಮೂಗುತಿ ಇದೆ, ಸಿಟ್ಟಿಗೆ ಜಾಗ ಎಲ್ಲಿದೆ ಎಂದು ನಾನು ಕೇಳುತ್ತೇನೆ. ಆದರೂ ಅವತ್ತು ಯಾಕೋ ಬೈಯಲು ಬಾಯಿ ಬರಲಿಲ್ಲ. ನನ್ನ ಮನೆಯಲ್ಲಿ ಯಾವುದೋ ಒಂದು ಭಾಳ ಚಲೋ ಇದೆ ಎಂದು ಹೊರಗಿನವರು ಹೇಳಿ ಎಷ್ಟು ಕಾಲವಾಗಿತ್ತೋ. ಬಾ ಎಂದೆ.

ಪ್ರಾಚಿ ನಮ್ಮ ಬಾಜೂ ಮನೆಯ ಸುಂದರಾಬಾಯಿಯ ಮಗಳು. ಜೈನರು, ಹಲವು ತಲೆಮಾರಿನಿಂದ ಬೆಳಗಾವಿಯಲ್ಲೇ ಇರುವ ಮನೆತನ. ಹುಡುಗಿ ಓದಿದ್ದು ಏನೋ, ಮಾಡುತ್ತಿದ್ದುದು ವಸ್ತುಗಳ ಫೋಟೋ ತೆಗೆಯುವ ಕೆಲಸ. ಮನೆಯಲ್ಲೇ ಉಪ್ಪಿನಕಾಯಿ ಹಾಕಿ ಮಾರುವವರು, ಚಟ್ನಿಪುಡಿ ಮಾಡುವವರು, ಬಳೆ ಅಂಗಡಿಯವರು, ಇಂಥವರೆಲ್ಲ ವಾಟ್ಸಾಪಿನಲ್ಲಿ ಹಾಕಲು ಅವಳಿಂದ ಫೋಟೋ ತೆಗೆಸುತ್ತಿದ್ದರು. ಕೊರಳಿಗೆ ನೇತುಹಾಕುವ ದೊಡ್ಡ ಕ್ಯಾಮೆರಾ ಏನೂ ಇರಲಿಲ್ಲ. ಫೋನು, ಒಂದು ಬಿಳಿ ಥರ್ಮಾಕೋಲ್ ಹಾಳೆ, ನಾಲ್ಕಾರು ಬಟ್ಟೆಯ ತುಂಡು, ಅಷ್ಟೇ ಅವಳ ಸಂಸಾರ.

ಮರುದಿನ ಬಂದವಳೇ ಮೊದಲು ಮಾಡಿದ ಕೆಲಸ ನೋಡಿ. "ಕಾಕು, ಟ್ಯೂಬ್‌ಲೈಟ್ ಆರಸ್ರಿ."

"ಬೆಳಕು ಬೇಕು ಅಂತೀ, ದೀಪಾ ಆರಸು ಅಂತೀ! ತಲಿ ನೆಟ್ಟಗೈತಿಲ್ಲೋ?"

"ಎರಡು ನಮೂನಿ ಬೆಳಕು ಕೂಡಿದ್ರ ಬಣ್ಣ ಕೆಡತಾವ್ರಿ. ಖಿಡಕಿದು ಒಂದ ಸಾಕು. ಅದೂ ಒಂದ ಬಾಜೂದಿಂದ ಬೀಳಬೇಕು."

ಕಿಟಕಿಯ ಕಟ್ಟೆಯ ಮೇಲೆ ಹಳೆಯ ಹಲಗೆಯೊಂದನ್ನು ಇಟ್ಟಳು. ಅದರ ಮೇಲೆ ನಿಂಬೆ ಉಪ್ಪಿನಕಾಯಿಯ ಬರಣಿ. ಚಂದ ಕಾಣಲಿ ಎಂದು ನಾನು ದೇವರ ಮನೆಯ ಪ್ಲಾಸ್ಟಿಕ್ ಹೂವಿನ ಗೊಂಚಲು ತಂದು ಪಕ್ಕದಲ್ಲಿಟ್ಟೆ. ಹುಡುಗಿ ನನ್ನ ಮನಸ್ಸಿಗೆ ನೋವಾಗದ ಹಾಗೆ ಮೆಲ್ಲಗೆ ತೆಗೆದು ಕೆಳಗಿಟ್ಟಳು. ಆಮೇಲೆ, ಹಳೇ ಪಾತ್ರೆ ಕೊಳ್ಳುವವನಿಗೆ ಮೋಡಿಗೆ ಹಾಕಬೇಕೆಂದು ನಾನು ಮೂಲೆಗೆ ಸರಿಸಿದ್ದ ಹಿತ್ತಾಳೆ ತಂಬಿಗೆಯ ಮೇಲೆ ಅವಳ ಕಣ್ಣು ಬಿತ್ತು. ಅದನ್ನು ತಂದು ಬರಣಿಯ ಹಿಂದೆ, ಅರ್ಧ ಮಾತ್ರ ಕಾಣುವ ಹಾಗೆ ಇಟ್ಟಳು. ಕಿಟಕಿಯ ಎದುರು ಮಗ್ಗಲಿಗೆ ಥರ್ಮಾಕೋಲ್ ಹಿಡಿದಳು. ನೆರಳಿನಲ್ಲಿ ಕಪ್ಪಾಗಿ ಕೂತಿದ್ದ ಬರಣಿಯ ಇನ್ನೊಂದು ಬದಿ ತಟ್ಟನೆ ಬೆಳಗಾಯಿತು. ಥರ್ಮಾಕೋಲ್ ಟಿವಿ ಪೆಟ್ಟಿಗೆಯೊಳಗೆ ಬರುವ ಕಸ ಎಂದೇ ನಾನು ತಿಳಿದಿದ್ದೆ.

ಆಮೇಲೆ ಫೋನಿನಲ್ಲಿ ತೋರಿಸಿದಳು. ಏನು ಹೇಳಲಿ! ಇದು ನನ್ನ ಅಡುಗೆಮನೆಯೇ? ಇಷ್ಟು ವರ್ಷ ಆ ತಂಬಿಗೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದವಳು ನಾನು. ಅದರ ಹೊಟ್ಟೆಯ ಮೇಲೆ ಬೆಳಕು ಹಾಗೆ ಬಂದು ಕೂರುತ್ತದೆ ಎಂದು ಒಂದು ದಿನವೂ ನೋಡಿರಲಿಲ್ಲ. ಎದೆ ತುಂಬಿ ಬಂತು, ಖರೆ ಹೇಳುತ್ತೇನೆ. ತಂಬಿಗೆಯನ್ನು ಮೋಡಿಗೆ ಹಾಕಲಿಲ್ಲ. ಹುಡುಗಿಗೆ ಉಳ್ಳಾಗಡ್ಡಿ ಹಾಕದ ಅವಲಕ್ಕಿ ಮಾಡಿ ತಿನ್ನಿಸಿಯೇ ಕಳಿಸಿದೆ.

ಅಲ್ಲಿಂದ ನನಗೆ ಹುಚ್ಚು ಹಿಡಿಯಿತು. ಅವಳು ಬಂದಾಗಲೆಲ್ಲ ಬೆನ್ನು ಹತ್ತಿ ಕಲಿತೆ. ನಾನು ತೆಗೆದ ಫೋಟೋ ಎಲ್ಲ ಮಂಜು ಮುಸುಕಿದ ಹಾಗೆ ಬರುತ್ತಿದ್ದವು, ಫೋನೇ ಸರಿ ಇಲ್ಲ ಎಂದು ನಾನು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಪ್ರಾಚಿ ನಕ್ಕು, "ಅಡಗಿ ಕೈಲೆ ಮುಟ್ಟಿದ ಫೋನ್ ಐತಲ್ರೀ, ಅದರ ಕಣ್ಣಿಗೆ ಎಣ್ಣಿ ಹತ್ತೈತಿ. ಮೊದಲ ಸೆರಗಲೆ ಒರಸ್ರಿ," ಎಂದಳು. ಒರೆಸಿದೆ, ಮಂಜು ಹೋಯಿತು. ಆಮೇಲೆ ಎಡಿಟ್ ಮಾಡುವುದನ್ನು ಹೇಳಿಕೊಟ್ಟಳು. ಬಣ್ಣ ಏರಿಸುವ ಗೆರೆಯನ್ನು ನಾನು ತುದಿಯ ತನಕ ಎಳೆದುಬಿಟ್ಟೆ, ಟೊಮ್ಯಾಟೊ ಕುಂಕುಮ ಬಳಿದುಕೊಂಡು ಕೂತವು.

"ಉಪ್ಪು ಹಾಕಿದಂಗ ರೀ ಕಾಕು, ರುಚಿಗೆ ತಕ್ಕಷ್ಟು," ಎಂದಳು. "ಬೆಲ್ಲ ಬೆಲ್ಲದ ಬಣ್ಣದಾಗ ಇರಬೇಕು. ಮತ್ತ ಎಡಿಟ್ ಅಂದ್ರ ಕೂಡಿಸೂದಲ್ಲ, ತಗಿಯೂದು. ಏನ್ ನೋಡಬೇಕಲಾ ಅದೊಂದ ಉಳೀಬೇಕು."

ಆ ಮಾತು ನನಗೆ ಬಹಳ ಹಿಡಿಸಿತು. ಮನೆಯಲ್ಲಿ ಯಾವುದೂ ಫೋಟೋ ಆಗದೆ ಬಾಯಿಗೆ ಹೋಗದಂತಾಯಿತು. ನಮ್ಮವರು ಕಪ್ಪಿಗೆ ಕೈ ಚಾಚಿ, "ಚಹಾದ ಫೋಟೋ ಆತೇನವಾ? ಇಲ್ಲಾ ಇನ್ನೊಂದು ಮಗ್ಗಲಾ ತಗಿಯೂದೈತೋ?" ಎಂದು ಕೇಳುವರು. ಆರಿದ ಚಹಾ ಕುಡಿದರೂ ಅವರು ಒಂದು ದಿನವೂ ಸಿಟ್ಟಾಗಲಿಲ್ಲ, ಅದನ್ನೂ ಹೇಳಬೇಕು.

ಇಷ್ಟರಲ್ಲಿ ನನ್ನ ತವರಿನಲ್ಲಿ ಮದುವೆ ಬಂತು. ನನ್ನ ತವರು ಖಾನಾಪುರ ತಾಲ್ಲೂಕಿನ ಪಾರಿಶ್ವಾಡ. ಅಲ್ಲಿ ನನ್ನ ಅವ್ವ ರೇಣವ್ವ, ಅಣ್ಣ ಗಜಾನನ, ಅವನ ಹೆಂಡತಿ ಅನುರಾಧಾ ವೈನಿ, ಅವರ ಒಬ್ಬಳೇ ಮಗಳು ಸೃಷ್ಟಿ. ಹುಡುಗಿ ಖಾನಾಪುರದ ಒಂದು ಸಾಲೆಯಲ್ಲಿ ಟೀಚರ್. ಅವಳನ್ನು ಬೆಳೆಸಿದ್ದು ಹೆಚ್ಚಾಗಿ ಅವ್ವನೇ. ಹಡೆದ ನಮ್ಮನ್ನು ಎತ್ತಿ ಆಡಿಸಲು ಅವಳಿಗೆ ಪುರುಸೊತ್ತಿರಲಿಲ್ಲ, ಆ ಸಾಲವನ್ನೆಲ್ಲ ಮೊಮ್ಮಗಳಿಗೆ ತೀರಿಸಿದಳು. ಕಾಕತಿಯ ಹುಡುಗ ಗೊತ್ತಾದ. ಆದರೆ ಗಂಡಿನ ಕಡೆಯವರು ಮಾತುಕತೆಗೆ ಬರುವ ಮುಂಚೆ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಬೀಗರು ಬಂದು ಉಂಡು ಹೋಗುವಾಗ ಅವಳು ಬೆಳಗಾವಿಯ ಆಸ್ಪತ್ರೆಯಲ್ಲಿದ್ದಳು. ಆಪರೇಶನ್ ಆಗಿ ಮನೆಗೆ ಬಂದ ಮೇಲೂ ಗಾಡಿಯಲ್ಲಿ ಕೂರಿಸಬೇಡಿ ಎಂದು ಡಾಕ್ಟರ್ ಹೇಳಿದರು. ಮದುವೆ ಬೆಳಗಾವಿಯ ಮಂಗಲ ಕಾರ್ಯಾಲಯದಲ್ಲಿ. ಅವ್ವ ಬರುವಂತಿರಲಿಲ್ಲ.

ಕನ್ನಡ ಮರಾಠಿ ಎರಡೂ ಒಂದೇ ಒಲೆಯ ಮೇಲೆ ಬೇಯುವ ನಮ್ಮ ಕಡೆ ಮದುವೆಯಲ್ಲಿ ರುಖವತ ಹಚ್ಚುತ್ತಾರೆ. ಹೆಣ್ಣಿನ ಮನೆಯವರು ಕೈಯಾರೆ ಮಾಡಿದ ಉಂಡಿ, ಚಕ್ಕುಲಿ, ಶಾವಿಗೆ, ಸಂಡಿಗೆ, ಹೊಲಿದದ್ದು, ಹೆಣೆದದ್ದು ಎಲ್ಲವನ್ನೂ ಮಂಟಪದ ಬಾಜೂಕ ಮೇಜಿನ ಮೇಲೆ ಸಾಲಾಗಿ ಜೋಡಿಸಿಡುವುದು. ಗಂಡಿನ ಕಡೆಯವರು ಬಂದು ನೋಡುವುದು, ಮುಟ್ಟುವುದು, ಚೇಷ್ಟೆ ಮಾಡುವುದು, ಕಡೆಗೆ ಗಂಟು ಕಟ್ಟಿಕೊಂಡು ಹೋಗುವುದು. ಈಚೆಗೆ ಬಹಳ ಮಂದಿ ಅಂಗಡಿಯಿಂದ ತಂದು ಇಟ್ಟುಬಿಡುತ್ತಾರೆ. ನಮ್ಮ ಅವ್ವನ ಎದುರು ಆ ಮಾತು ಎತ್ತಿದರೆ ಮುಗಿಯಿತು. ಬೀಳುವ ಮುಂಚೆಯೇ ಅವಳು ಕೂತು ಗವಲಿ ಹೊಸೆದಿದ್ದಳು. ಗೋಧಿ ಹಿಟ್ಟನ್ನು ಬೆರಳ ನಡುವೆ ಉಜ್ಜಿ ಅಕ್ಕಿಕಾಳಿನಷ್ಟು ಸಣ್ಣಗೆ ಮಾಡುವ ಆ ಕೆಲಸಕ್ಕೆ ಈಗ ಯಾರಿಗೆ ತಾಳ್ಮೆ ಇದೆ? ಒಂದು ಕೌದಿಯನ್ನೂ ಹೊಲಿದಿದ್ದಳು. ತನ್ನ ಹಳೆಯ ಸೀರೆಗಳು, ಸೃಷ್ಟಿ ಸಣ್ಣವಳಿದ್ದಾಗಿನ ಲಂಗ, ತೀರಿಹೋದ ಅಪ್ಪನ ಧೋತರ, ಎಲ್ಲ ಸೇರಿದ ಕೌದಿ. ಕೊನೆಯ ಸಾಲುಗಳನ್ನು ಹಾಸಿಗೆಯಲ್ಲಿ ಮಲಗಿಕೊಂಡೇ, ಎದೆಯ ಮೇಲೆ ಹರವಿಕೊಂಡು ಹೊಲಿದಳು.

ನಾನು ನೋಡಲು ಹೋದಾಗ ಅವ್ವ ನನ್ನ ಕೈ ಹಿಡಿದುಕೊಂಡಳು.

"ಪ್ರಮಿಳಾ, ನಾ ಅಂತೂ ಬರಾಕ ಆಗೂದಿಲ್ಲ. ಆ ಮಂದಿನ್ನ ನಾ ಕಣ್ಣಿಲೆ ನೋಡಿಲ್ಲ. ಹುಡುಗಿ ಎಂಥಾ ಮನಿಗೆ ಹೊಂಟಾಳೋ ಏನೋ, ರಾತ್ರಿ ನಿದ್ದಿ ಹತ್ತವಲ್ದು. ರುಖವತ ಹಚ್ಚಿದ್ದು ಫೋಟೋ ತಗದು ತಂದು ತೋರ್ಸು. ಅಷ್ಟ ನೋಡಿದ್ರ ಜೀವಕ್ಕ ಸಮಾಧಾನ."

"ಫೋಟೋದವ ಇರತಾನಲ್ಲಬೇ."

"ಅಂವ ಮದುಮಗಳ ಮಾರಿ ಬಿಟ್ಟು ಏನ್ ತಗೀತಾನ? ಆ ಆಲ್ಬಮ್ ಬರೂದ್ರಾಗ ಸೃಷ್ಟಿ ಬಾಣಂತನಕ್ಕ ಬಂದಿರತಾಳ."

ಅವ್ವ ಯಾರಲ್ಲೂ ಏನೂ ಕೇಳಿದ ಹೆಂಗಸಲ್ಲ. ನನ್ನ ಬಳಿ ಕೇಳಿದ್ದಂತೂ ಅದೇ ಮೊದಲು ಅನ್ನಿಸುತ್ತದೆ. ನೋಡುತ್ತಿರು ಬೇ, ಕ್ಯಾಲೆಂಡರಿನ ಹಾಗೆ ತೆಗೆಸಿ ತರುತ್ತೇನೆ ಎಂದು ಮಾತು ಕೊಟ್ಟೆ. ಬಸ್ಸಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ಅಳು ಬಂತು.

ಪ್ರಾಚಿಗೆ ಹೇಳಿದರೆ ಅವಳು ಒಂದೇ ಮಾತಿಗೆ ಒಪ್ಪಿದಳು. ಮದುವೆಯ ದಿನ ಬೆಳಿಗ್ಗೆ ನಮ್ಮೆಲ್ಲರಿಗಿಂತ ಮೊದಲೇ ಕಾರ್ಯಾಲಯದಲ್ಲಿ ಹಾಜರು. ಅಲ್ಲಿ ಅಲಂಕಾರದವನು ರುಖವತದ ಮೇಜನ್ನು ಗುಲಾಬಿ ಬಣ್ಣದ ಲೈಟಿನ ಕೆಳಗೆ ಹಾಕಿದ್ದ. ಉಂಡಿಯೂ ಗುಲಾಬಿ, ಚಕ್ಕುಲಿಯೂ ಗುಲಾಬಿ. ಮೇಜನ್ನು ಕಿಟಕಿಯ ಹತ್ತಿರ ಸರಿಸು ಎಂದು ಇವಳು, ಡೆಕೋರೇಶನ್ ಕೆಡುತ್ತದೆ ಎಂದು ಅವನು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಕಡೆಗೆ ನಾನು ಸೆರಗು ಸಿಕ್ಕಿಸಿಕೊಂಡು ಮೇಜಿಗೆ ಕೈ ಹಚ್ಚಿದೆ.

"ಸರಸ್ತೀಯೋ, ಇಲ್ಲಾ ನಾನ ಹೊತ್ಗೊಂಡು ಹೋಗ್ಲೋ?"

ಸರಿಸಿದ.

ಪ್ರಾಚಿ ಆಮೇಲೆ ಮಾಡಿದ್ದನ್ನು ನೋಡಬೇಕಿತ್ತು ನೀವು. ಅನುರಾಧಾ ವೈನಿ ಪ್ರತಿ ತಟ್ಟೆಗೂ ಬಣ್ಣದ ಜಿಲೆಟಿನ್ ಕಾಗದ ಸುತ್ತಿ ರಿಬ್ಬನ್ ಕಟ್ಟಿದ್ದಳು. ಅದೆಲ್ಲ ಫಳಫಳ ಹೊಳೆದು ಒಳಗಿನದು ಕಾಣುತ್ತಿರಲಿಲ್ಲ. ಪ್ರಾಚಿ ವೈನಿಯ ಕೈ ಹಿಡಿದು, "ಇಷ್ಟು ಚಂದ ಚಕ್ಕುಲಿ ಮಾಡೀರಿ, ಅದನ್ನ ಯಾಕ ಮುಚ್ಚತೀರ್ರಿ?" ಎಂದು ಕೇಳಿ ಒಂದೊಂದೇ ಬಿಚ್ಚಿಸಿದಳು. ಎತ್ತರದ್ದು ಹಿಂದೆ, ಗಿಡ್ಡದ್ದು ಮುಂದೆ. ಗವಲಿಯನ್ನು ಸ್ಟೀಲ್ ಡಬ್ಬಿಯಿಂದ ತೆಗೆದು ಹಿತ್ತಾಳೆ ಬಟ್ಟಲಿಗೆ ಸುರಿದಳು, ಸಂಡಿಗೆಯನ್ನು ಬಿದಿರಿನ ಮೊರದಲ್ಲಿ ಹರವಿದಳು. ಬುಂದೆ ಉಂಡಿಯ ಗೋಪುರ ಕಟ್ಟಿದಳು. ಕೌದಿಯನ್ನು ಘಡಿ ಮಾಡಿ, ಒಂದು ಮಡಿಕೆ ಮೇಜಿನ ಅಂಚಿನಿಂದ ಕೆಳಗೆ ಇಳಿಯುವ ಹಾಗೆ ನಡುವೆ ಇಟ್ಟಳು. ಮೇಜಿನ ಮೇಲೆ ಅಲ್ಲಲ್ಲಿ ಖಾಲಿ ಜಾಗ ಬಿಟ್ಟಳು. ಅಲ್ಲೊಂದು ತಟ್ಟೆ ಇಡೋಣ ಎಂದು ವೈನಿ ಬಂದರೆ, "ಕಣ್ಣಿಗೆ ಕುಂದರಾಕ ಜಾಗಾ ಬೇಕಲ್ರೀ ವೈನಿ," ಅಂದಳು. ನಾನು ಥರ್ಮಾಕೋಲ್ ಹಿಡಿದು ನಿಂತೆ. ಕಿಟಕಿಯ ಬೆಳಕು ಕೌದಿಯ ಮೇಲೆ ಓರೆಯಾಗಿ ಬಿದ್ದು ಪ್ರತಿ ಹೊಲಿಗೆಯೂ ಎದ್ದು ಕಂಡಿತು. ಅವ್ವನ ಕೈ ಇಷ್ಟು ಚಂದ ಇದೆ ಎಂದು ನನಗೆ ಅವತ್ತು ಗೊತ್ತಾಯಿತು. ಹುಟ್ಟಿದಾಗಿನಿಂದ ಅಂಥ ಕೌದಿ ಹೊದ್ದು ಮಲಗಿದವಳು ನಾನು.

ಒಂದೆರಡು ಫೋಟೋ ಆಗುವಷ್ಟರಲ್ಲಿ ಬೀಗರ ದಂಡು ಬಂತು. ಅಯ್ಯ ಶಿವನೇ, ಏನು ಗದ್ದಲ! ಮೇಜಿನ ಸುತ್ತ ಮುತ್ತಿಗೆ ಹಾಕಿದರು. ಒಬ್ಬರು ಚಕ್ಕುಲಿ ಮುರಿದು ನೋಡಿದರು, ಒಬ್ಬರು ಗವಲಿಯಲ್ಲಿ ಬೆರಳಾಡಿಸಿದರು, ಮಕ್ಕಳು ಉಂಡಿಯ ಗೋಪುರಕ್ಕೆ ಅಡಿಯಿಂದಲೇ ಕೈ ಹಾಕಿದರು. ನಾನು ಒಂದು ತುದಿಯಲ್ಲಿ ಮಕ್ಕಳ ಜೊತೆ ಹೊಡೆದಾಡುತ್ತಿದ್ದರೆ ಪ್ರಾಚಿ ಸಂದಿ ಸಿಕ್ಕಲ್ಲೆಲ್ಲ ತೂರಿ ಫೋಟೋ ತೆಗೆಯುತ್ತಲೇ ಇದ್ದಳು. ಗಜಾನನಣ್ಣ ನಡುವೆ ಒಮ್ಮೆ ಅವ್ವನಿಗೆ ವಿಡಿಯೋ ಕಾಲ್ ಹಚ್ಚಿದ. ಅವ್ವನಿಗೆ ಕಾರ್ಯಾಲಯದ ಫ್ಯಾನು ಕಂಡಿತಂತೆ, ಯಾರದೋ ಕಿವಿ ಕಂಡಿತಂತೆ, ಆಮೇಲೆ ಎಲ್ಲ ಅಲ್ಲೇ ನಿಂತುಬಿಟ್ಟಿತಂತೆ.

ಮರುದಿನ ನನ್ನ ಕಿಟಕಿಯ ಪಕ್ಕದಲ್ಲಿ ಕೂತು ಇಬ್ಬರೂ ಫೋಟೋ ಆರಿಸಿದೆವು. ಎಲ್ಲದರಲ್ಲೂ ಕೈ! ಮೊಣಕೈ, ಬಳೆ, ಯಾರದೋ ಜಡೆ, ಯಾರದೋ ಬೆನ್ನು.

"ಆ ಕೈ ತಗಿ," ಎಂದೆ. ಪ್ರಾಚಿ ಬೆರಳಿನಿಂದ ಒರೆಸಿದಳು, ಕೈ ಮಾಯ. "ಈ ಹುಡುಗನ್ನ ತಗಿ." ಅವನೂ ಹೋದ. ಕೆಲವನ್ನು ಅಂಚು ಕತ್ತರಿಸಿ ಸರಿ ಮಾಡಿದಳು. ಜನರು ತೀರ ಅಡ್ಡ ಬಂದದ್ದನ್ನು ಬೇಡವೇ ಬೇಡ ಎಂದು ಬದಿಗಿಟ್ಟೆವು. ನೆರಳನ್ನು ಚೂರೇ ಏರಿಸಿದಳು, ಲೈಟಿನ ಗುಲಾಬಿ ಛಾಯೆಯನ್ನು ತೆಗೆದು ಬೆಲ್ಲವನ್ನು ಬೆಲ್ಲದ ಬಣ್ಣಕ್ಕೆ ತಂದಳು. ಎಂಥ ಫೋಟೋ ಬಂದವು! ಗವಲಿಯ ಕಾಳು ಕಾಳು ಎಣಿಸಬಹುದು. ನಮ್ಮವರು ಕೂಡ ಕನ್ನಡಕ ಹಾಕಿಕೊಂಡು ನೋಡಿ, "ಏ, ಇದನ್ನ ಚೌಕಟ್ಟ ಹಾಕಸ್ಬೇಕಲೇ," ಎಂದರು. ಅಂಥ ಮಾತು ಅವರ ಬಾಯಿಂದ ಬರುವುದು ಅಪರೂಪ. ಅವ್ವನಿಗೆ ಫೋನಿನಲ್ಲಿ ಸಣ್ಣದಾಗಿ ಕಾಣುತ್ತದೆ ಎಂದು ಒಳ್ಳೆಯವನ್ನು ಆರಿಸಿ ದೊಡ್ಡದಾಗಿ ಪ್ರಿಂಟ್ ಹಾಕಿಸಿದೆವು.

ಪಾರಿಶ್ವಾಡಕ್ಕೆ ಪ್ರಾಚಿಯನ್ನೂ ಕರೆದುಕೊಂಡೇ ಹೋದೆ. ಅವ್ವ ದಿಂಬಿಗೆ ಒರಗಿ ದಾರಿ ಕಾಯುತ್ತಿದ್ದಳು. ಜೊತೆಗೆ ಪಕ್ಕದ ಮನೆಯ ಚಂದ್ರವ್ವ ಇದ್ದಳು, ಮದುವೆಯ ದಿನ ಅವ್ವನ ಬಳಿ ಉಳಿದುಕೊಂಡಿದ್ದವಳು ಅವಳೇ. ಪ್ರಿಂಟುಗಳನ್ನು ಅವ್ವನ ಕೈಗೆ ಕೊಟ್ಟೆ. ಚಂದ್ರವ್ವ ಹೆಗಲ ಮೇಲಿಂದ ಬಗ್ಗಿ, "ಯವ್ವಾ ಯವ್ವಾ, ಪ್ಯಾಟ್ಯಾಗಿನ ಕ್ಯಾಲೆಂಡರ ಆಗೈತಿ ನೋಡ ರೇಣಕ್ಕಾ!" ಎಂದು ಬಾಯಿ ಮೇಲೆ ಕೈ ಇಟ್ಟುಕೊಂಡಳು. ನನಗೆ ಹೆಮ್ಮೆಯೋ ಹೆಮ್ಮೆ.

ಅವ್ವ ಒಂದೊಂದನ್ನೂ ನಿಧಾನವಾಗಿ ನೋಡಿದಳು, ಕೊನೆಯದು ಮುಗಿದ ಮೇಲೆ ಮತ್ತೆ ಮೊದಲಿನಿಂದ ನೋಡಿದಳು. ಆಮೇಲೆ ಬಹಳ ಮೆಲ್ಲಗೆ ಕೇಳಿದಳು.

"ಯಾರೂ ಬರಲೇ ಇಲ್ಲೇನ?"

"ಎಲ್ಲಿಗೆ ಬೇ?"

"ರುಖವತ ನೋಡಾಕ. ಒಬ್ಬರೂ ಕಾಣವಲ್ರಲ್ಲ."

ನನ್ನ ಸಿಟ್ಟು ನೆತ್ತಿಗೇರಿತು. ಇಷ್ಟು ಕಷ್ಟಪಟ್ಟು ತೆಗೆಸಿದ್ದಕ್ಕೆ ಇದೇನು ಪ್ರಶ್ನೆ? "ಬರಲಾರ್ದ ಏನು! ಕಾಲಿಡಾಕ ಜಾಗಾ ಇರಲಿಲ್ಲ. ಅವರನ್ನ ಸರಸೂದ್ರಾಗ ನನ್ನ ಸೀರಿ ಹರೀತು!"

"ಮತ್ತ ಎಲ್ಲಿ ಅದಾರ? ಉಂಡಿ ಒಂದೂ ಕಡಿಮಿ ಆಗಿಲ್ಲ, ಚಕ್ಕುಲಿ ಒಂದೂ ಮುರದಿಲ್ಲ." ಅವ್ವ ಮೇಲಿನ ಫೋಟೋವನ್ನು ಬೆರಳಿನಿಂದ ತಟ್ಟಿದಳು. "ನನ್ನ ಸಮಾಧಾನಕ್ಕ ಹೇಳಬ್ಯಾಡ ಪ್ರಮಿಳಾ. ಮುದುಕಿ ಮಾಡಿದ್ದು ಯಾರಿಗೆ ಬೇಕಾಗೈತಿ. ಮಂದಿ ಊಟಾ ಮಾಡಿ ಹೋಗಿರಬೇಕು."

"ಅಣ್ಣಾ ನಿನಗ ಗ್ರೂಪ್ ಫೋಟೋ ತೋರ್ಸಿಲ್ಲೇನು? ಬೀಗರು ಎಲ್ಲಾರೂ ಇದ್ದಾರಲ್ಲ!"

"ಸಾಲಾಗಿ ನಿಂತು ಹಲ್ಲು ತೋರ್ಸ್ಯಾರ. ಅದರಾಗ ಏನ್ ತಿಳೀತೈತಿ?" ಎಂದಳು. ಆಮೇಲೆ ಪ್ರಾಚಿಯ ಕಡೆ ತಿರುಗಿ, "ಚಂದ ತಗದಿ ನನ್ನವ್ವಾ. ಅಂಗಡ್ಯಾಗ ಇಟ್ಟಂಗ ಅದಾವು," ಎಂದು ಅವಳ ಕೆನ್ನೆ ಮುಟ್ಟಿದಳು. ಫೋಟೋಗಳನ್ನು ಜೋಡಿಸಿ ಚಂದ್ರವ್ವನ ಕೈಗೆ ಕೊಟ್ಟು ಗೋಡೆಯ ಕಡೆ ಮುಖ ಮಾಡಿದಳು.

ನಾನೇನು ತಂದು ತೋರಿಸಿದೆ ಎಂದು ಆಗ ಅರ್ಥವಾಯಿತು. ಅವ್ವನಿಗೆ ತಾನು ಹೊಲಿದ ಕೌದಿ ಹೇಗಿದೆ ಎಂದು ಗೊತ್ತಿಲ್ಲವೇ? ಗವಲಿಯ ಒಂದೊಂದು ಕಾಳೂ ಅವಳ ಬೆರಳಿನಿಂದಲೇ ಬಿದ್ದದ್ದು. ಅವಳು ನೋಡಬೇಕೆಂದಿದ್ದು ಆ ಮಂದಿಯನ್ನು. ಆ ಮಂದಿಯನ್ನೇ ನಾನು ಮುಂದೆ ಕೂತು ಒಬ್ಬೊಬ್ಬರನ್ನಾಗಿ ಒರೆಸಿ ಹಾಕಿಸಿದ್ದೆ. ನನ್ನ ಮೇಲೆ ನನಗೇ ಬಂದ ಸಿಟ್ಟನ್ನು ಎಲ್ಲಿ ಹಾಕಲಿ ಎಂದು ತಿಳಿಯದೆ ಪ್ರಾಚಿಯನ್ನು ಹುಡುಕಿದೆ. ಹುಡುಗಿ ಒಳಗೆ ಇರಲಿಲ್ಲ.

ಹೊರಗೆ ಕಟ್ಟೆಯ ಮೇಲೆ ಕೂತಿದ್ದಳು. ನೊಂದುಕೊಂಡು ಎದ್ದು ಬಂದಿದ್ದಾಳೆ ಎಂದುಕೊಂಡು ಹತ್ತಿರ ಹೋದರೆ, ಅವಳು ತಲೆ ಬಗ್ಗಿಸಿ ಫೋನಿನಲ್ಲಿ ಬೆರಳು ಆಡಿಸುತ್ತಿದ್ದಳು.

"ಎಡಿಟ್ ಮಾಡಿದ್ದು ವಾಪಸ್ ತಗೀತೀನ್ರಿ ಕಾಕು. ಮೊದಲಿನವು ಹಂಗ ಇರತಾವ. ನಾವು ಬ್ಯಾಡಂತ ಬಾಜೂಕ ಇಟ್ಟವೂ ಅದಾವ." ತಲೆ ಎತ್ತದೆಯೇ ಹೇಳಿದಳು. "ಎಷ್ಟೊಂದು ಬರಣಿ ತಗದು ತಗದು ನನಗೂ ಕಣ್ಣು ಹಂಗ ಆಗಿಬಿಟ್ಟಾವ್ರಿ. ಆಯಿ ಕೇಳಿದ್ದು ಬರಣಿ ಅಲ್ಲ."

ಎಳೆಯ ಹುಡುಗಿ. ತಾನು ಅಷ್ಟು ಹೊತ್ತು ಕೂತು ಚಂದ ಮಾಡಿದ್ದನ್ನೆಲ್ಲ ಒಂದಿಷ್ಟೂ ಮುಖ ಸೊಟ್ಟ ಮಾಡದೆ ತಾನೇ ಕೆಡಿಸುತ್ತ ಕೂತಿದ್ದಳು. ಅವಳು ತೆಗೆದ ಯಾವ ಫೋಟೋಗಿಂತಲೂ ಅದು ನನಗೆ ದೊಡ್ಡದಾಗಿ ಕಂಡಿತು. ಅವಳ ತಲೆಯ ಮೇಲೆ ಕೈ ಇಟ್ಟೆ.

ಇಬ್ಬರೂ ಒಳಗೆ ಬಂದು ಹಾಸಿಗೆಯ ಮೇಲೆ ಅವ್ವನ ಎರಡೂ ಬದಿಗೆ ಕೂತೆವು. "ಆಯಿ, ಇನ್ನೂ ಫೋಟೋ ಅದಾವ್ರಿ. ಚಂದ ಇಲ್ಲ. ನೋಡ್ತೀರೇನು?" ಎಂದಳು ಪ್ರಾಚಿ. ಅವ್ವ ಒಲ್ಲದ ಮನಸ್ಸಿನಿಂದ ಈ ಕಡೆ ತಿರುಗಿದಳು.

ಮೊದಲನೆಯದರಲ್ಲಿ ಬರೀ ಕೈಗಳು. ಮೇಜಿನ ಮೂರೂ ಕಡೆಯಿಂದ ಚಾಚಿದ ಕೈಗಳು, ಹಸಿರು ಬಳೆ, ಗಡಿಯಾರ, ಮೆಹಂದಿ. ಅವ್ವ ಕೂರಲು ಹವಣಿಸಿದಳು, ಚಂದ್ರವ್ವ ಬೆನ್ನಿಗೆ ಇನ್ನೊಂದು ದಿಂಬು ಕೊಟ್ಟಳು. ಎರಡನೆಯದರಲ್ಲಿ ಉಂಡಿಯ ಗೋಪುರ ಅರ್ಧ ಕುಸಿದಿತ್ತು, ಒಬ್ಬ ಪೋರನ ಎರಡೂ ಗಲ್ಲ ಉಬ್ಬಿದ್ದವು. "ಎರಡು ಒಮ್ಮೆಲೆ ಹಾಕ್ಯಾನಲ್ಲೇ ಭಾಡ್ಯಾ!" ಎಂದು ಅವ್ವ ನಕ್ಕೇಬಿಟ್ಟಳು. ಆಪರೇಶನ್ ಆದ ಮೇಲೆ ಅವಳು ನಕ್ಕದ್ದು ನಾನು ಕೇಳಿರಲಿಲ್ಲ. ಇನ್ನೊಂದರಲ್ಲಿ 'ಆ ಕಡೆ ಸರೀರಿ' ಎಂದು ಬಾಯಿ ತೆರೆದ ನಾನೇ ಇದ್ದೆ, ನೋಡಲು ಮಾರಮ್ಮ. ಚಂದ್ರವ್ವ ಸೆರಗು ಅಡ್ಡ ಹಿಡಿದು ನಕ್ಕಳು.

ಮುಂದಿನದಕ್ಕೆ ಬಂದಾಗ ಅವ್ವ ಪ್ರಾಚಿಯ ಕೈ ಹಿಡಿದು ನಿಲ್ಲಿಸಿದಳು.

ಅದು ಫೋಟೋ ಎನ್ನುವಂಥದ್ದೇ ಅಲ್ಲ. ಇಳಕಲ್ ಸೀರೆಯ ಹೆಂಗಸೊಬ್ಬಳು ಕಿಟಕಿಗೆ ಅಡ್ಡವಾಗಿ ಬಗ್ಗಿದ್ದಳು, ಮುಖ ಅರ್ಧ ಕತ್ತಲೆ. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ನಾವು ಅಷ್ಟು ನೀಟಾಗಿ ಘಡಿ ಮಾಡಿ ಇಟ್ಟಿದ್ದ ಕೌದಿಯ ಮೂಲೆಯನ್ನು ಎತ್ತಿ, ಹೊರಳಿಸಿ, ಕಣ್ಣಿನ ಹತ್ತಿರ ಹಿಡಿದಿದ್ದಳು. ಹೆಬ್ಬೆರಳು ಒಳಮೈಯ ಹೊಲಿಗೆಯ ಮೇಲಿತ್ತು.

"ಈ ಬಾಯಿ ಯಾರು, ಈ ಕನ್ನಡಕದ ಹೆಣ್ಮಗಳು?"

"ಅಕಿನ ನಿನ್ನ ಬೀಗ್ತಿ, ಗಂಗಾದೇವಿ. ಸೃಷ್ಟಿಯ ಅತ್ತಿ. ನೋಡು, ಘಡಿ ಹ್ಯಾಂಗ ಕೆಡಸ್ಯಾಳ," ಎಂದೆ.

"ನೀ ಸುಮ್ನಿರು. ದೊಡ್ಡದು ಮಾಡವಾ."

ಪ್ರಾಚಿ ಬೆರಳು ಅಗಲಿಸಿ ದೊಡ್ಡದು ಮಾಡಿದಳು. ಹೆಬ್ಬೆರಳು, ಅದರ ಕೆಳಗೆ ಅವ್ವನ ಹೊಲಿಗೆ.

"ಹಿಂದಿನ ಮಗ್ಗಲಾ ನೋಡಾಕತ್ತಾಳ," ಎಂದಳು ಅವ್ವ. ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಮುಂದಿನ ಮಗ್ಗಲಾ ಎಲ್ಲಾರೂ ನೋಡ್ತಾರ. ಹಿಂದಿಂದು ಹೊಲದು ಗೊತ್ತಿದ್ದಾಕಿನ ನೋಡ್ತಾಳ. ಗಂಟು ಎಲ್ಲಿ ಮುಚ್ಚ್ಯಾರ, ದಾರಾ ಎಲ್ಲಿ ಮುಗದೈತಿ, ಹೊಲಿಯೂವಾಗ ಎಲ್ಲಿ ದಣದಾಳ, ಎಲ್ಲಾ ಅಲ್ಲಿ ತಿಳೀತೈತಿ. ನಾ ಎಷ್ಟು ಕೌದಿ ಹೊಲದು ಕೊಟ್ಟೇನಿ, ಯಾರೂ ತಿರುವಿ ನೋಡಿಲ್ಲ."

ನಾನೂ ತಿರುವಿ ನೋಡಿರಲಿಲ್ಲ. ತಲೆ ತಗ್ಗಿಸಿ ಕೂತೆ.

"ಆಯಿ, ಮಾರಿ ಕತ್ತಲ ಐತಿ. ಸ್ವಲ್ಪ ಬೆಳಕ ಏರಿಸಿ ಕೊಡ್ಲೇನ್ರಿ?" ಎಂದು ಕೇಳಿದಳು ಪ್ರಾಚಿ.

"ಏನೂ ಮಾಡಬ್ಯಾಡ ಮಗಳ. ಹಿಂಗ ಇರ್ಲಿ."

ಅವ್ವ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಆ ಅರ್ಧ ಕತ್ತಲೆಯ ಮುಖವನ್ನು ಇನ್ನಷ್ಟು ಹೊತ್ತು ನೋಡಿದಳು. ಆಮೇಲೆ ದಿಂಬಿಗೆ ಒರಗಿ, ಕಣ್ಣು ಮುಚ್ಚಿ, ನನ್ನ ಕಡೆಗೆ ಕೈ ಚಾಚಿದಳು.

"ಪ್ರಮಿಳಾ, ನನ್ನ ಚಿಂತಿ ಹೋತು ನೋಡು. ನಮ್ಮ ಹುಡುಗಿ ದಣದಾಳಂದ್ರ ಈ ಬಾಯಿಗೆ ಯಾರೂ ಹೇಳಬೇಕಾಗೂದಿಲ್ಲ."